ತುಣುಕು ಬಾಯಿಗೆ ಬಿದ್ದಾಗ ಮರಿ ಏನು ಮಾಡುತ್ತಿತ್ತು?

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಹೊಸದಾಗಿ ನಾಯಿಮರಿ ತಂದವರಿಗೆ: ತಿಂಡಿಯ ತುಣುಕು ಕೊಟ್ಟು ಮರಿಗೆ ಮಾತು ಕೇಳುವುದನ್ನು ಕಲಿಸುವುದು ಹೇಗೆ ಎಂದು. ಎಂಟು ವಾರದಿಂದ ಐದು ತಿಂಗಳವರೆಗಿನ ಮರಿಯೊಂದನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾತಾಡುತ್ತೇನೆ. ಬೆಳೆದ ನಾಯಿಗೂ ಇದೇ ವಿಧಾನ ಹೊಂದುತ್ತದೆ. ಅದಕ್ಕೆ ಹಳೆಯ ಅಭ್ಯಾಸಗಳು ಇರುವುದರಿಂದ ನಾವು ಸ್ವಲ್ಪ ಹೆಚ್ಚು ಕಾಯಬೇಕಾಗುತ್ತದೆ, ಅಷ್ಟೆ.

ಸಭೆ ಶುರುವಾಗುವ ಮೊದಲೇ ಕೆಲವರು ಹತ್ತಿರ ಬಂದು ತಮ್ಮ ತಮ್ಮ ದೂರು ಹೇಳಿದರು. ಹೆಚ್ಚುಕಡಿಮೆ ಎಲ್ಲರದೂ ಒಂದೇ: "ಮರಿ ಮಾತು ಕೇಳುವುದಿಲ್ಲ. ಕೈಯಲ್ಲಿ ಬಿಸ್ಕತ್ತು ಇದ್ದರೆ ಮಾತ್ರ ಕೇಳುತ್ತದೆ." ಇದರಲ್ಲಿ ಎರಡು ದೂರುಗಳಿವೆ, ಬಿಡಿಸಿ ನೋಡೋಣ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಊಟಕ್ಕೆ ಕೂತವರ ಪಕ್ಕ ನಿಂತು ಕುಂಯ್‌ಗುಟ್ಟಿದರೆ ಏನಾದರೂ ಬೀಳುತ್ತದೆ ಎಂಬುದನ್ನು ನಿಮ್ಮ ಮರಿ ಎರಡೇ ದಿನದಲ್ಲಿ ಕಲಿತಿರುತ್ತದೆ. ಫ್ರಿಜ್ಜಿನ ಬಾಗಿಲಿನ ಸದ್ದು, ಚಪ್ಪಲಿ ಹಾಕುವ ಸದ್ದು, ಯಾರು ಮೆತ್ತಗಿನವರು, ಯಾರು ಬಿಗಿ ಎಂಬುದೆಲ್ಲ ಅದಕ್ಕೆ ಗೊತ್ತು. ಇಷ್ಟೆಲ್ಲ ಕಲಿತ ಪ್ರಾಣಿಗೆ ಕಲಿಯಲು ಬರುವುದಿಲ್ಲ ಎನ್ನುವುದು ಹೇಗೆ? ನಾವು ಕಲಿಸುತ್ತಿದ್ದೇವೆ ಎಂದು ನಮಗೇ ಗೊತ್ತಿಲ್ಲದ ಹೊತ್ತಿನಲ್ಲೂ ಅದು ಕಲಿಯುತ್ತಿರುತ್ತದೆ. ಎರಡನೆಯ ದೂರು, ಅಂದರೆ ಬಿಸ್ಕತ್ತು ಕಂಡರೆ ಮಾತ್ರ ಕೇಳುವುದು, ನಿಜವಾದ ತೊಂದರೆಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಒಂದು ಗಂಟೆಯಲ್ಲಿ ನಾನು ಏನೇ ಹೇಳಿದರೂ ಅದು ಒಂದು ಪ್ರಶ್ನೆಯ ಸುತ್ತ ಇರುತ್ತದೆ: ತುಣುಕು ಬಾಯಿಗೆ ಬಿದ್ದಾಗ ಮರಿ ಏನು ಮಾಡುತ್ತಿತ್ತು? ನೀವು ಏನು ಹೇಳಿದಿರಿ, ಏನು ಉದ್ದೇಶಿಸಿದಿರಿ, ಐದು ಸೆಕೆಂಡಿನ ಹಿಂದೆ ಅದು ಏನು ಮಾಡಿತ್ತು ಎಂಬುದು ಮರಿಗೆ ಲೆಕ್ಕಕ್ಕಿಲ್ಲ. ತಿಂಡಿ ಬಂದ ಗಳಿಗೆಯಲ್ಲಿ ತಾನು ಏನು ಮಾಡುತ್ತಿದ್ದೆನೋ ಅದು ಲಾಭದ ಕೆಲಸ ಎಂದು ಅದು ತೀರ್ಮಾನಿಸುತ್ತದೆ.

ಇದು ಹೊಸ ಮಾತಲ್ಲ. 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನೋವಿಜ್ಞಾನಿ ಹಸಿದ ಬೆಕ್ಕುಗಳನ್ನು ಚಿಲಕವಿರುವ ಪೆಟ್ಟಿಗೆಯಲ್ಲಿ ಕೂಡಿ, ಆಹಾರವನ್ನು ಹೊರಗಿಟ್ಟ. ಬೆಕ್ಕು ಪರಚಾಡಿ, ಕಚ್ಚಿ, ಒದ್ದಾಡಿ ಕೊನೆಗೆ ಅಕಸ್ಮಾತ್ತಾಗಿ ಚಿಲಕ ತೆಗೆದು ಹೊರಬರುತ್ತಿತ್ತು. ಮತ್ತೆ ಮತ್ತೆ ಕೂಡಿದಾಗ ಬೇಡದ ಒದ್ದಾಟ ಕಡಿಮೆಯಾಗುತ್ತ ಹೋಯಿತು, ಚಿಲಕದ ಕೆಲಸ ಬೇಗ ಬೇಗ ಆಗುತ್ತ ಬಂತು. ಒಳ್ಳೆಯ ಫಲ ಕೊಟ್ಟ ನಡೆ ಉಳಿಯುತ್ತದೆ, ಕೊಡದ್ದು ಉದುರಿ ಹೋಗುತ್ತದೆ ಎಂಬುದು ಅವನ ತೀರ್ಮಾನ. ಅದೇ ಕಾಲದಲ್ಲಿ ರಷ್ಯಾದ ಇವಾನ್ ಪಾವ್ಲೊವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಾಸ ಮಾಡುತ್ತಿದ್ದ. 1904ರಲ್ಲಿ ಅವನಿಗೆ ನೊಬೆಲ್ ಬಂದದ್ದು ಆ ಕೆಲಸಕ್ಕೇ. ಊಟಕ್ಕೆ ಮುಂಚೆ ಒಂದು ಸದ್ದು ತಪ್ಪದೆ ಕೇಳಿಸುತ್ತಿದ್ದರೆ ಆ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿದವನು ಅವನು. ಎಲ್ಲರಿಗೂ ನೆನಪಿರುವುದು ಗಂಟೆ. ಅವನ ಪ್ರಯೋಗಶಾಲೆಯಲ್ಲಿ ಮೆಟ್ರೊನೋಮ್, ಅಂದರೆ ಟಕ್ ಟಕ್ ಎಂದು ತಾಳ ಹಾಕುವ ಯಂತ್ರ ಕೂಡ ಬಳಕೆಯಲ್ಲಿತ್ತು.

ನಮ್ಮ ಕೆಲಸಕ್ಕೆ ಹತ್ತಿರದವನು ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್. 1951ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನವೊಂದರಲ್ಲಿ ಅವನು ಮನೆಯ ನಾಯಿಗೆ ಹೇಗೆ ಕಲಿಸಬೇಕು ಎಂದು ವಿವರಿಸಿದ. ಮಕ್ಕಳಾಟದ 'ಟಿಕ್ ಟಿಕ್' ಎನ್ನುವ ತಗಡಿನ ಸಾಮಾನನ್ನು ಗುರುತಿನ ಸದ್ದಾಗಿ ಬಳಸಬಹುದು ಎಂದ. ಅವನ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ ಇದನ್ನೇ ಜೀವನೋಪಾಯ ಮಾಡಿಕೊಂಡು ಕೋಳಿ, ಹಂದಿ, ರಕೂನ್‌ಗಳಿಗೆಲ್ಲ ಪಾಠ ಹೇಳಿದರು. 1960ರ ದಶಕದಲ್ಲಿ ಹವಾಯಿಯಲ್ಲಿ ಕ್ಯಾರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಕಲಿಸಿದ್ದೂ ಹೀಗೆಯೇ, ಸೀಟಿ ಮತ್ತು ಮೀನಿನಿಂದ. ಡಾಲ್ಫಿನ್ ಕುತ್ತಿಗೆಗೆ ಬೆಲ್ಟ್ ಹಾಕಲಾಗದು, ಬಾರಿಸಲೂ ಆಗದು. ಬೇಸರವಾದರೆ ಈಜಿಕೊಂಡು ದೂರ ಹೋಗಿಬಿಡುತ್ತದೆ. ಅಂಥ ಪ್ರಾಣಿಗೆ ಕಲಿಸಬಹುದಾದರೆ, ನಮ್ಮ ಕಾಲ ಬುಡದಲ್ಲೇ ಸುತ್ತುವ ಮರಿಗೆ ಚೈನ್ ಜಗ್ಗುವ ಅಗತ್ಯ ಎಲ್ಲಿದೆ?

ಜಗ್ಗುವ ಪದ್ಧತಿಗೂ ಒಂದು ಇತಿಹಾಸ ಇದೆ. 1910ರಲ್ಲಿ ಜರ್ಮನಿಯ ಕೊನ್ರಾಡ್ ಮೋಸ್ಟ್ ಪೊಲೀಸ್ ನಾಯಿಗಳಿಗಾಗಿ ರೂಪಿಸಿದ ಕ್ರಮ ಒತ್ತಾಯದ ಮೇಲೆ ನಿಂತಿತ್ತು, ಅದು ಬಹಳ ಕಾಲ ಎಲ್ಲೆಡೆ ನಡೆಯಿತು. ಅದಕ್ಕೆ ಆಮೇಲೆ 'ಆಲ್ಫಾ' ಎಂಬ ಕಥೆಯೂ ಸೇರಿತು, ಅಂದರೆ ಕಾದಾಡಿ ಗೆದ್ದವನೇ ಗುಂಪಿನ ಯಜಮಾನ, ನಾಯಿಗೆ ನಾವು ಹಾಗಿರಬೇಕು ಎಂಬುದು. ಅದರ ಮೂಲ, 1947ರಲ್ಲಿ ರುಡಾಲ್ಫ್ ಶೆಂಕೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದದ್ದು. ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳು ಮೇಲುಗೈಗಾಗಿ ಕಾದಾಡುತ್ತಿದ್ದವು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಡೇವಿಡ್ ಮೆಕ್ 1999ರಲ್ಲಿ ಸ್ಪಷ್ಟವಾಗಿ ಬರೆದ: ಕಾಡಿನಲ್ಲಿ ತೋಳದ ಗುಂಪೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಹಿಂದೆ ತಾನೇ 'ಆಲ್ಫಾ' ಎಂಬ ಪದ ಬಳಸಿದ್ದವನು ಅವನು. ಆದ್ದರಿಂದ ಮರಿಯನ್ನು ಬೆನ್ನ ಮೇಲೆ ಕೆಡವಿ ಅದುಮಿ ಹಿಡಿದು "ಯಾರು ಯಜಮಾನ ಎಂದು ತೋರಿಸಿ" ಎಂದು ಯಾರಾದರೂ ಹೇಳಿದರೆ ನಯವಾಗಿ ಎದ್ದು ಬನ್ನಿ. ಮೂರು ತಿಂಗಳ ಮರಿಗೆ ಅದರಿಂದ ತಿಳಿಯುವುದು ಒಂದೇ, ಈ ಮನುಷ್ಯನ ಕೈ ಯಾವಾಗ ಏನು ಮಾಡುತ್ತದೋ ಹೇಳಲಾಗದು ಎಂದು.

ಸರಿ, ಕೆಲಸಕ್ಕೆ ಬರೋಣ. ಮೊದಲು ತಿಂಡಿ.

ತುಣುಕು ಚಿಕ್ಕದಿರಬೇಕು. ಎಷ್ಟು ಚಿಕ್ಕದು ಎಂದರೆ ನಿಮಗೇ ಜಿಪುಣತನ ಅನ್ನಿಸಬೇಕು. ಬಟಾಣಿ ಕಾಳಿನಷ್ಟು ಸಾಕು, ಪುಟ್ಟ ತಳಿಯಾದರೆ ಅದರಲ್ಲೂ ಅರ್ಧ. ಮೆತ್ತಗಿರಬೇಕು, ವಾಸನೆ ಇರಬೇಕು, ಒಂದೇ ಸಲಕ್ಕೆ ನುಂಗುವಂತಿರಬೇಕು. ಗಟ್ಟಿ ಬಿಸ್ಕತ್ತು ಕೊಟ್ಟರೆ ಮರಿ ಕಡಿಯುತ್ತ ಕೂರುತ್ತದೆ, ಪುಡಿ ನೆಲಕ್ಕೆ ಬೀಳುತ್ತದೆ, ಅದನ್ನು ಮೂಸುತ್ತ ಹೋಗುತ್ತದೆ, ಅಷ್ಟರಲ್ಲಿ ನೀವು ಏನು ಕಲಿಸುತ್ತಿದ್ದಿರೋ ಅದು ನಿಮಗೂ ಮರೆತಿರುತ್ತದೆ. ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿಮಾಂಸದ ಚೂರು ಬಹಳ ಮರಿಗಳಿಗೆ ಪ್ರಾಣ. ಆದರೆ ಮನೆಯೊಳಗಿನ ಸುಲಭದ ಪಾಠಕ್ಕೆ ಅದರ ದಿನದ ಊಟದ ಕಾಳುಗಳೇ ಸಾಕಾಗುತ್ತವೆ. ಬೆಳಿಗ್ಗೆಯೇ ಒಂದು ಹಿಡಿ ತೆಗೆದಿಟ್ಟುಕೊಳ್ಳಿ, ಬಟ್ಟಲಿನ ಊಟದಲ್ಲಿ ಅಷ್ಟು ಕಡಿಮೆ ಮಾಡಿ. ಕೋಳಿ, ಚೀಸ್ ತರಹದ ರುಚಿಯ ಸಾಮಾನನ್ನು ಕಷ್ಟದ ಪಾಠಕ್ಕೆ, ಅದರಲ್ಲೂ ಕರೆದರೆ ಬರುವ ಪಾಠಕ್ಕೆ ಉಳಿಸಿಕೊಳ್ಳಿ. ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ ಎಂದರೆ, ಊಟಕ್ಕೆ ಹೊರತಾದ ತಿಂಡಿ ದಿನದ ಒಟ್ಟು ಕ್ಯಾಲೊರಿಯ 10%ಕ್ಕಿಂತ ಹೆಚ್ಚಾಗಬಾರದು.

ಕೊಡಲೇಬಾರದ್ದೂ ಇವೆ. ಚಾಕೊಲೇಟ್ ಬೇಡ, ಅದರಲ್ಲಿರುವ ಥಿಯೊಬ್ರೊಮಿನ್ ನಾಯಿಯ ಮೈಯಿಂದ ಬೇಗ ಹೊರಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. 'ಸಕ್ಕರೆ ರಹಿತ' ಎಂದು ಬರೆದಿರುವ ಚೂಯಿಂಗ್ ಗಮ್, ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಸಕ್ಕರೆಯ ಬದಲು ಹಾಕುವ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಇರಬಹುದು, ಅದು ಸ್ವಲ್ಪವೇ ಹೋದರೂ ರಕ್ತದ ಸಕ್ಕರೆಯನ್ನು ಧಡಕ್ಕನೆ ಇಳಿಸಬಲ್ಲದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಅವರಿಗೂ ಹೇಳಿಕೊಡಿ, ಏಕೆಂದರೆ ಮರಿಗೆ ತಿಂಡಿ ಸಾಗುವುದು ಹೆಚ್ಚಾಗಿ ಆ ಕೈಗಳಿಂದಲೇ.

ಇನ್ನು ಗಳಿಗೆಯ ಮಾತು. ಮರಿ ಕೂತಿತು ಅನ್ನಿ. ನೀವು ಜೇಬಿಗೆ ಕೈ ಹಾಕಿ, ಪೊಟ್ಟಣ ಬಿಚ್ಚಿ, ತುಣುಕು ತೆಗೆದು ಕೊಡುವಷ್ಟರಲ್ಲಿ ಅದು ಎದ್ದು, ಮೈ ಕೊಡವಿ, ನಿಮ್ಮ ಮೊಣಕಾಲಿಗೆ ಹಾರಿರುತ್ತದೆ. ನಿಮ್ಮ ಲೆಕ್ಕದಲ್ಲಿ ತಿಂಡಿ ಕೂತದ್ದಕ್ಕೆ, ಅದರ ಲೆಕ್ಕದಲ್ಲಿ ಹಾರಿದ್ದಕ್ಕೆ. ಈ ಅಂತರವನ್ನು ತುಂಬಲು ಒಂದು ಚುಟುಕು ಸದ್ದು ಬೇಕು. ಒತ್ತಿದರೆ ಟಿಕ್ ಎನ್ನುವ ಕ್ಲಿಕ್ಕರ್ ಬಳಸಬಹುದು, "ಯೆಸ್" ಅನ್ನಬಹುದು, "ಹಾಂ" ಅನ್ನಬಹುದು. ಒಂದೇ ಸ್ವರದಲ್ಲಿ, ಬೇರೆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಆಡದಂಥ ಸದ್ದಾಗಿದ್ದರೆ ಆಯಿತು. ಮೊದಲ ದಿನ ಕಮ್ಯಾಂಡ್ ಏನೂ ಬೇಡ: "ಯೆಸ್" ಅನ್ನಿ, ತುಣುಕು ಕೊಡಿ. ಸ್ವಲ್ಪ ತಡೆದು ಮತ್ತೆ ಅನ್ನಿ, ಮತ್ತೆ ಕೊಡಿ. ಮರಿ ಬೇರೆ ಕಡೆ ನೋಡುತ್ತಿದ್ದಾಗ "ಯೆಸ್" ಅಂದರೆ ತಟ್ಟನೆ ನಿಮ್ಮತ್ತ ತಿರುಗಿತು ಎಂದರೆ ಪಾವ್ಲೊವನ ಪಾಠ ಮುಗಿಯಿತು. ಇನ್ನು ಮುಂದೆ ಆ ಸದ್ದು ಬಂದ ಗಳಿಗೆಯೇ ಲೆಕ್ಕಕ್ಕೆ, ತುಣುಕು ಒಂದೆರಡು ಸೆಕೆಂಡು ತಡವಾದರೂ ನಡೆಯುತ್ತದೆ. ಒಂದು ಕಟ್ಟುನಿಟ್ಟು ಇದೆ: ಬಾಯಿ ತಪ್ಪಿ "ಯೆಸ್" ಅಂದರೂ ತಿಂಡಿ ಕೊಡಲೇಬೇಕು. ಸದ್ದಿನ ಮೇಲೆ ನಂಬಿಕೆ ಹೋದರೆ ಅದು ಬರೀ ಸದ್ದು.

ಮೊದಲ ಕಮ್ಯಾಂಡ್ ಯಾವುದು ಎಂದರೆ ಎಲ್ಲರೂ "ಸಿಟ್" ಅನ್ನುತ್ತಾರೆ. ಅದಕ್ಕೂ ಮುಂಚೆ ಅದರ ಹೆಸರು. ಹೆಸರು ಕರೆಯಿರಿ, ತಿರುಗಿ ನೋಡಿದ ತಕ್ಷಣ "ಯೆಸ್", ತುಣುಕು. ಹೆಸರನ್ನು ಬೈಯಲು ಬಳಸಬೇಡಿ, ಸುಮ್ಮಸುಮ್ಮನೆ ಹತ್ತು ಸಲ ಕೂಗಬೇಡಿ. ಇಷ್ಟಾದರೆ ಸಾಕು.

ಈಗ ಸಿಟ್. ಬೆನ್ನು ಅದುಮುವುದು ಬೇಡ, ಬೆಲ್ಟ್ ಮೇಲೆತ್ತುವುದು ಬೇಡ. ಮರಿ ನಿಂತಿರಲಿ. ತುಣುಕನ್ನು ಬೆರಳ ತುದಿಯಲ್ಲಿ ಹಿಡಿದು ಅದರ ಮೂಗಿಗೆ ತಾಗುವಷ್ಟು ಹತ್ತಿರ ತನ್ನಿ. ಮೂಗು ಅಂಟಿಕೊಂಡ ಮೇಲೆ ಕೈಯನ್ನು ನಿಧಾನವಾಗಿ ಮೇಲಕ್ಕೆ, ಎರಡು ಕಿವಿಗಳ ನಡುವಿನಿಂದ ಹಿಂದಕ್ಕೆ ಒಯ್ಯಿರಿ. ತಲೆ ಮೇಲೇರಿದರೆ ಹಿಂಭಾಗ ಕೆಳಗಿಳಿಯುತ್ತದೆ, ಮೈಯ ರಚನೆಯೇ ಹಾಗಿದೆ. ನೆಲ ಮುಟ್ಟಿದ ಕ್ಷಣ "ಯೆಸ್". ಮರಿ ಹಾರುತ್ತಿದ್ದರೆ ನಿಮ್ಮ ಕೈ ತುಂಬ ಮೇಲಿದೆ. ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರೆ ಕೈ ಬೇಗ ಹೋಗುತ್ತಿದೆ. ಗೋಡೆಯ ಮೂಲೆಯ ಹತ್ತಿರ ನಿಲ್ಲಿಸಿಕೊಂಡರೆ ಅದಕ್ಕೆ ಹಿಂದೆ ಹೋಗಲು ಜಾಗವೇ ಇರುವುದಿಲ್ಲ. ತುಣುಕು ಕೊಡುವ ಜಾಗವೂ ಮುಖ್ಯ. ಕೂತ ಮರಿಯ ಬಾಯಿಗೇ ಕೈ ತಲುಪಬೇಕು. ನೀವು ನಿಂತಲ್ಲೇ ಕೈ ಚಾಚಿ, ಅದು ಎದ್ದು ಬಂದು ತೆಗೆದುಕೊಳ್ಳುವಂತೆ ಮಾಡಿದರೆ, ಪ್ರತಿ ಸಲವೂ ಏಳುವುದಕ್ಕೇ ಬಹುಮಾನ ಸಿಕ್ಕಂತಾಯಿತು. ಕೂತ ಮರಿ ಒಂದು ಕ್ಷಣವೂ ಕೂರುವುದಿಲ್ಲ ಎಂದು ದೂರುವವರ ಕೈಯನ್ನು ನಾನು ಮೊದಲು ನೋಡುವುದು ಇದಕ್ಕೇ.

ಇಲ್ಲಿ ಆ ಎರಡನೆಯ ದೂರಿಗೆ ಬರುತ್ತೇನೆ. ತುಣುಕು ಹಿಡಿದ ಕೈಯನ್ನು ಹಿಂಬಾಲಿಸಿ ಮರಿ ಮೂರು ನಾಲ್ಕು ಸಲ ಕೂತಿತೇ? ಹಾಗಾದರೆ ಐದನೆಯ ಸಲ ಆ ಕೈ ಖಾಲಿ ಇರಬೇಕು. ಬೆರಳುಗಳನ್ನು ಹಾಗೆಯೇ ಮಡಿಚಿ, ಅದೇ ದಾರಿಯಲ್ಲಿ ಕೈ ಸಾಗಿಸಿ. ಹಳೆಯ ವಾಸನೆಯ ನಂಬಿಕೆಯಲ್ಲಿ ಅದು ಕೂರುತ್ತದೆ. "ಯೆಸ್" ಅನ್ನಿ, ತುಣುಕು ಇನ್ನೊಂದು ಕೈಯಿಂದ ಬರಲಿ, ಜೇಬಿನಿಂದ ಬರಲಿ, ಪಕ್ಕದ ಮೇಜಿನ ಮೇಲಿನ ಡಬ್ಬಿಯಿಂದ ಬರಲಿ. ತಿಂಡಿ ಕಣ್ಣಿಗೆ ಕಾಣದಿದ್ದರೂ ಕೆಲಸ ಮಾಡಿದರೆ ಅದು ಹುಟ್ಟಿಕೊಳ್ಳುತ್ತದೆ ಎಂಬುದು ಮರಿಗೆ ಮೊದಲ ದಿನವೇ ತಿಳಿಯಬೇಕು. ಬಹಳ ಮಂದಿ ಈ ಹಂತವನ್ನು ವಾರಗಟ್ಟಲೆ ಮುಂದೂಡುತ್ತಾರೆ. ಮರಿ ಕೂರುತ್ತಿದೆಯಲ್ಲ, ಚೆನ್ನಾಗಿ ನಡೆಯುತ್ತಿದೆಯಲ್ಲ ಎಂಬ ಸಮಾಧಾನ. ಅಷ್ಟರಲ್ಲಿ ಕಮ್ಯಾಂಡ್ ಎಂದರೆ ಏನೆಂದು ಮರಿ ತನ್ನದೇ ಅರ್ಥ ಕಟ್ಟಿಕೊಂಡಿರುತ್ತದೆ: ಬಿಸ್ಕತ್ತು ಹಿಡಿದ ಕೈಯೇ ಕಮ್ಯಾಂಡ್. ಬಿಸ್ಕತ್ತು ಇಲ್ಲದೆ ನೀವು "ಸಿಟ್" ಅಂದರೆ, ಅದರ ಪಾಲಿಗೆ ನೀವು ಇನ್ನೂ ಏನನ್ನೂ ಹೇಳಿಯೇ ಇಲ್ಲ. ತಿಂಡಿ ಮೊದಲು ಕಂಡು ಆಮೇಲೆ ಕೆಲಸ ನಡೆದರೆ ಅದು ಲಂಚ. ಕೆಲಸ ಮೊದಲು ನಡೆದು ಆಮೇಲೆ ತಿಂಡಿ ಕಂಡರೆ ಸಂಬಳ. "ನಾಯಿಗೆ ಲಂಚ ಕೊಟ್ಟು ಕೆಲಸ ಮಾಡಿಸುತ್ತೀರಾ" ಎಂದು ಹಿರಿಯರು ಕೇಳಿದರೆ ಅದರಲ್ಲಿ ಅರ್ಧ ಸತ್ಯ ಇದೆ. ಹೆಚ್ಚಿನವರು ಕೊಡುತ್ತಿರುವುದು ಲಂಚವೇ.

ಮಾತಿನ ಕಮ್ಯಾಂಡ್ ಎಲ್ಲಿ ಸೇರುತ್ತದೆ? ನಾನು ಇಷ್ಟು ಹೊತ್ತು "ಸಿಟ್" ಎಂದು ಹೇಳಿಸಲಿಲ್ಲ, ಗಮನಿಸಿರಬಹುದು. ಕೈ ಹೀಗೆ ಹೋದರೆ ಮರಿ ಕೂರುತ್ತದೆ ಎಂದು ಪಂದ್ಯ ಕಟ್ಟುವಷ್ಟು ನಿಮಗೆ ಖಾತ್ರಿಯಾದ ಮೇಲೆ ಪದ ಸೇರಿಸಿ. ಮೊದಲು ಪದ, ಒಂದು ಗಳಿಗೆ ಬಿಡುವು, ಆಮೇಲೆ ಕೈ. ಎರಡನ್ನೂ ಒಟ್ಟಿಗೆ ಕೊಟ್ಟರೆ ನಾಯಿ ಕೈಯನ್ನೇ ನೋಡುತ್ತದೆ, ಪದ ಕಿವಿಯ ಪಕ್ಕ ಹಾದುಹೋಗುತ್ತದೆ. ಕೆಲವು ದಿನಗಳಲ್ಲಿ ಕೈ ಏಳುವ ಮೊದಲೇ, ಪದಕ್ಕೇ ಕೂರುತ್ತದೆ. ಪದ ಯಾವ ಭಾಷೆಯದಾದರೂ ಸರಿ, ಆದರೆ ಮನೆಯವರೆಲ್ಲರದೂ ಒಂದೇ ಇರಲಿ. ಅಪ್ಪ "ಸಿಟ್", ಅಮ್ಮ "ಕೂತ್ಕೋ", ಮಗ "ಸಿಟ್ ಡೌನ್" ಅಂದರೆ, ಕೊನೆಯದರಲ್ಲಿ ಎರಡು ಕಮ್ಯಾಂಡ್ ಇವೆ. ಒಂದೇ ಸಲ ಹೇಳಿ, ಕಾಯಿರಿ. "ಸಿಟ್, ಸಿಟ್, ಸಿಟ್, ಏಯ್ ಸಿಟ್!" ಎಂದು ಹೇಳಿ ಅದು ಕೂತಾಗ ತಿಂಡಿ ಕೊಟ್ಟರೆ, ನಾಲ್ಕನೆಯದಕ್ಕೆ ಕೂರುವುದೇ ನಿಯಮ ಎಂದು ಅದಕ್ಕೆ ಕಲಿಸಿದ್ದೀರಿ.

ಡೌನ್, ಅಂದರೆ ಮಲಗುವುದು. ಕೂತ ಮರಿಯ ಮೂಗಿನಿಂದ ತುಣುಕನ್ನು ನೇರವಾಗಿ ಮುಂಗಾಲುಗಳ ನಡುವೆ ನೆಲಕ್ಕಿಳಿಸಿ, ಆಮೇಲೆ ನಿಧಾನವಾಗಿ ನಿಮ್ಮ ಕಡೆಗೆ ಎಳೆದುಕೊಳ್ಳಿ. ಹಿಂಭಾಗ ಎತ್ತುತ್ತಿದ್ದರೆ, ನೀವು ನೆಲದ ಮೇಲೆ ಕೂತು ಮೊಣಕಾಲು ಮಡಿಚಿ ಸಣ್ಣ ಕಮಾನು ಮಾಡಿ, ಅದರಡಿ ನುಸುಳುವಂತೆ ಕೈ ಒಯ್ಯಿರಿ. ಉಳಿದದ್ದೆಲ್ಲ ಸಿಟ್‌ನ ಹಾಗೆಯೇ. ಸ್ಟೇ, ಅಂದರೆ ಹೇಳುವವರೆಗೆ ಇದ್ದಲ್ಲೇ ಇರುವುದು. ಅದರಲ್ಲಿ ಆತುರ ಬೇಡ. ಎಷ್ಟು ಹೊತ್ತು, ಎಷ್ಟು ದೂರ, ಸುತ್ತ ಎಷ್ಟು ಗಲಾಟೆ ಎಂಬ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಿ. ಮರಿ ಎದ್ದರೆ ಬೈಯುವುದೇನಿಲ್ಲ, ನೀವು ಕೇಳಿದ್ದು ಜಾಸ್ತಿಯಾಯಿತು. ತುಣುಕನ್ನು ಅದು ಕೂತಲ್ಲಿಗೇ ಹೋಗಿ ಕೊಡಿ. ದೂರದಿಂದ ಕರೆದು ಕೊಟ್ಟರೆ ಅದು ಸ್ಟೇ ಪಾಠ ಆಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕೊಡಬಯಸುವುದು "ಬಾ" ಎಂಬ ಕರೆಗೆ. ಸಿಟ್ ಬಾರದ ನಾಯಿಯೊಂದಿಗೆ ಹದಿನೈದು ವರ್ಷ ಸುಖವಾಗಿ ಬಾಳಬಹುದು. ಕರೆದರೆ ಬಾರದ ನಾಯಿ ತೆರೆದ ಗೇಟಿನಿಂದ ವಾಹನಗಳ ನಡುವೆ ನುಗ್ಗಿದರೆ ಹದಿನೈದು ಸೆಕೆಂಡು ಸಾಕು. ಅದೃಷ್ಟಕ್ಕೆ, ಎಂಟರಿಂದ ಹದಿನಾರು ವಾರದ ಮರಿಗೆ ನಿಮ್ಮ ಹಿಂದೆ ಓಡುವುದೇ ಒಂದು ಆಸೆ. ಅದನ್ನು ಬಳಸಿಕೊಳ್ಳಿ. ಇಬ್ಬರು ಕೋಣೆಯ ಎರಡು ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಸರದಿಯ ಮೇಲೆ ಉತ್ಸಾಹದಿಂದ ಒಂದೇ ಸಲ ಕರೆಯಿರಿ. ಬಂದು ಮುಟ್ಟಿದರೆ "ಯೆಸ್", ಒಳ್ಳೆಯ ತುಣುಕು, ಒಂದಲ್ಲ, ಒಂದಾದ ಮೇಲೊಂದು ಮೂರು ನಾಲ್ಕು. ಕೊಡುವಾಗ ಇನ್ನೊಂದು ಕೈಯಿಂದ ಕುತ್ತಿಗೆಯ ಬೆಲ್ಟನ್ನು ಮೆಲ್ಲಗೆ ಹಿಡಿಯಿರಿ, ಬಿಡಿ. ಇದನ್ನು ಬಿಟ್ಟರೆ ಮರಿ ಹತ್ತಿರ ಬಂದು, ತಿಂದು, ನಿಮ್ಮ ಕೈ ಬೆಲ್ಟಿನ ಕಡೆ ಹೊರಟ ಕೂಡಲೇ ಜಾರಿಕೊಳ್ಳುವ ಆಟವನ್ನು ಕಲಿಯುತ್ತದೆ.

ಈ ಕರೆಯನ್ನು ಕೆಡಿಸುವುದು ಬಹಳ ಸುಲಭ, ಕೆಡಿಸುವವರು ನಾವೇ. ಆಟವಾಡುತ್ತಿದ್ದ ಮರಿಯನ್ನು "ಬಾ" ಎಂದು ಕರೆದು ಚೈನ್ ಹಾಕಿ ಮನೆಗೆ ಎಳೆದುಕೊಂಡು ಹೋಗುತ್ತೇವೆ. "ಬಾ" ಎಂದು ಕರೆದು ಸ್ನಾನ ಮಾಡಿಸುತ್ತೇವೆ, ಕಿವಿಗೆ ಔಷಧಿ ಹಾಕುತ್ತೇವೆ. ಎಲ್ಲಕ್ಕಿಂತ ಕೆಟ್ಟದ್ದು, ಅದು ತಪ್ಪಿಸಿಕೊಂಡು ಓಡಿ, ಹತ್ತು ನಿಮಿಷ ನಮ್ಮ ಜೀವ ಹಿಂಡಿ, ಕೊನೆಗೆ ತಾನಾಗಿಯೇ ಬಂದಾಗ ಒಂದು ಏಟು ಕೊಡುತ್ತೇವೆ. ಆ ಪ್ರಶ್ನೆಯನ್ನು ಇಲ್ಲಿ ತಿರುಗಿಸಿ ಕೇಳಿ: ಏಟು ಬಿದ್ದಾಗ ಮರಿ ಏನು ಮಾಡುತ್ತಿತ್ತು? ಬರುತ್ತಿತ್ತು. ಹಾಗಾಗಿ ಸ್ನಾನಕ್ಕೆ, ಔಷಧಿಗೆ ನೀವೇ ಹೋಗಿ ಎತ್ತಿಕೊಂಡು ಬನ್ನಿ. ಆಟದ ನಡುವೆ ಕರೆದರೆ ತುಣುಕು ಕೊಟ್ಟು ಬಹುಪಾಲು ಸಲ ಮತ್ತೆ ಆಟಕ್ಕೇ ಬಿಡಿ. ಓಡಿಹೋದ ಮರಿಯ ಬೆನ್ನಟ್ಟಬೇಡಿ, ಅದಕ್ಕೆ ಅದು ಹಬ್ಬ; ನೀವು ಎದುರು ದಿಕ್ಕಿಗೆ ಓಡಿ.

"ಬಿಡು" ಎಂಬುದಕ್ಕೆ ತುಣುಕನ್ನು ಮುಷ್ಟಿಯಲ್ಲಿ ಮುಚ್ಚಿ ಮರಿಯ ಮುಂದೆ ಹಿಡಿಯಿರಿ. ಅದು ನೆಕ್ಕುತ್ತದೆ, ಕೆರೆಯುತ್ತದೆ, ಹಾಲುಹಲ್ಲಿನಿಂದ ಚುಚ್ಚುತ್ತದೆ. ಸುಮ್ಮನಿರಿ, ಏನೂ ಹೇಳಬೇಡಿ. ಬೇಸತ್ತು ಮೂಗು ಒಂದು ಇಂಚು ಹಿಂದೆ ಸರಿದ ಕ್ಷಣ "ಯೆಸ್", ತುಣುಕು ಇನ್ನೊಂದು ಕೈಯಿಂದ. ಮುಷ್ಟಿಯಲ್ಲಿದ್ದದ್ದು ಅದಕ್ಕೆ ಸಿಗಬಾರದು. ಈಗಾಗಲೇ ಬಾಯಲ್ಲಿ ಏನನ್ನೋ ಕಚ್ಚಿಕೊಂಡಿದ್ದರೆ ಕಿತ್ತುಕೊಳ್ಳಲು ಹೋಗಬೇಡಿ, ವ್ಯಾಪಾರ ಮಾಡಿ: ಮೂಗಿನ ಹತ್ತಿರ ಒಳ್ಳೆಯ ತುಣುಕು ಹಿಡಿದರೆ ಬಾಯಿ ತೆರೆಯುತ್ತದೆ. ಅಪಾಯವಿಲ್ಲದ ವಸ್ತುವಾದರೆ ತಿಂಡಿ ಕೊಟ್ಟು ಅದನ್ನೂ ವಾಪಸು ಕೊಡಿ. ಸದಾ ಕಿತ್ತುಕೊಳ್ಳುವ ಮನೆಯಲ್ಲಿ ಮರಿ ಎರಡರಲ್ಲೊಂದು ಕಲಿಯುತ್ತದೆ, ಬೇಗ ನುಂಗುವುದು ಅಥವಾ ಗುರ್ ಎನ್ನುವುದು.

ಒಂದು ಸೂಕ್ಷ್ಮ ಇಲ್ಲೇ ಹೇಳಿಬಿಡುತ್ತೇನೆ, ಒಳ್ಳೆಯ ಕೈಗಳೂ ಇದರಲ್ಲಿ ಎಡವುತ್ತವೆ. ಮರಿ ನಿಮ್ಮ ಮೇಲೆ ಹಾರುತ್ತದೆ, ನೀವು "ಸಿಟ್" ಅನ್ನುತ್ತೀರಿ, ಅದು ಕೂರುತ್ತದೆ, ತುಣುಕು ಕೊಡುತ್ತೀರಿ. ಗಳಿಗೆ ಸರಿಯಾಗಿಯೇ ಇದೆ. ಆದರೂ ವಾರ ಕಳೆಯುವಷ್ಟರಲ್ಲಿ ಮರಿ ಹಾರುವುದು ಜಾಸ್ತಿಯಾಗಿರುತ್ತದೆ, ಏಕೆಂದರೆ ಅದು ಕಲಿತದ್ದು ಇಡೀ ಸರಣಿಯನ್ನು: ಹಾರು, ಕೂರು, ತಿನ್ನು. ಬೊಗಳುವುದೂ ಹೀಗೆಯೇ, ಬೊಗಳು, ಸುಮ್ಮನಾಗು, ತಿನ್ನು. ಇದನ್ನು ಮುರಿಯಲು, ಹಾರುವ ಮುಂಚೆಯೇ, ನಾಲ್ಕೂ ಕಾಲು ನೆಲದ ಮೇಲಿರುವಾಗ ಕೊಡಿ. ಹಾರಿಯೇಬಿಟ್ಟರೆ ಕೂತ ಮೇಲೂ ಕೆಲವು ಸೆಕೆಂಡು ಕಾಯಿರಿ, ಇನ್ನೂ ಒಂದೆರಡು ಕೆಲಸ ಹೇಳಿ, ಆಮೇಲೆ ಕೊಡಿ. ಹೊರಗೆ ಮೂತ್ರ ಮಾಡುವ ಅಭ್ಯಾಸಕ್ಕೂ ಇದೇ ಲೆಕ್ಕ: ಮುಗಿಸಿದ ಜಾಗದಲ್ಲೇ ತುಣುಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು.

ಎಷ್ಟು ಹೊತ್ತು ಕಲಿಸಬೇಕು? ಒಂದು ಸಲಕ್ಕೆ ಎರಡು ಮೂರು ನಿಮಿಷ, ದಿನದಲ್ಲಿ ಅಲ್ಲಲ್ಲಿ. ಅರ್ಧ ಗಂಟೆಯ ಕ್ಲಾಸು ಮರಿಗೆ ಬೇಡ. 2011ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಬೀಗಲ್ ನಾಯಿಗಳ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ ಒಂದೆರಡು ದಿನ ಮಾತ್ರ ಪಾಠ ಹೇಳಿಸಿಕೊಂಡ ನಾಯಿಗಳು, ದಿನವೂ ಹೇಳಿಸಿಕೊಂಡವಕ್ಕಿಂತ ಕಡಿಮೆ ಪಾಠಗಳಲ್ಲಿ ಅದೇ ಕೆಲಸ ಕಲಿತವು. ಒಂದು ದಿನ ತಪ್ಪಿತೆಂದು ಯಾರೂ ಕೊರಗಬೇಕಾಗಿಲ್ಲ. ಜಾಗ ಬದಲಿಸುವುದನ್ನು ಮಾತ್ರ ಮರೆಯಬೇಡಿ. ಅಡುಗೆಮನೆಯಲ್ಲಿ ಕೂರುವ ಮರಿ ಅಂಗಳದಲ್ಲಿ ಕೂರದಿದ್ದರೆ ಅದು ಮೊಂಡುತನವಲ್ಲ. ಅದರ ಪಾಲಿಗೆ ಸಿಟ್ ಎಂದರೆ 'ಅಡುಗೆಮನೆಯಲ್ಲಿ, ನಿಮ್ಮ ಎದುರು, ನೀವು ನಿಂತಿರುವಾಗ ಕೂರುವುದು'. ನೀವು ಕುರ್ಚಿಯಲ್ಲಿ ಕೂತು ಹೇಳಿ ನೋಡಿ, ಪೆಚ್ಚಾಗಿ ನಿಮ್ಮ ಮುಖ ನೋಡುತ್ತದೆ. ಪ್ರತಿ ಹೊಸ ಜಾಗದಲ್ಲೂ ಮೊದಲ ಹಂತಕ್ಕೆ ಇಳಿದು, ತುಣುಕು ಹಿಡಿದ ಕೈಯಿಂದಲೇ ಶುರು ಮಾಡಿ, ಬೇಗ ಬೇಗ ಮೇಲೇರಿ. ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲ ತಿಂಡಿ ಬೇಕಿಲ್ಲ, ಯಾವ ಸಲ ಬರುತ್ತದೆ ಎಂದು ಗೊತ್ತಾಗದಂತೆ ಕೊಡಿ. ಇನ್ನೂ ಕಲಿಯುತ್ತಿರುವಾಗ ಮಾತ್ರ ಕೈ ಬಿಗಿ ಹಿಡಿಯಬೇಡಿ. "ಬಾ" ಎಂಬುದಕ್ಕೆ ನಾನಂತೂ ಜೀವನಪೂರ್ತಿ ಕೊಡುವ ಪಕ್ಷ.

ಹೊರಗೆ ಹೋದಾಗ ಮರಿ ತಿಂಡಿಯನ್ನೇ ಮುಟ್ಟುವುದಿಲ್ಲ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಬಹಳ ಮುಖ್ಯವಾದ ಪ್ರಶ್ನೆ. ಮನೆಯಲ್ಲಿ ಹಪಹಪಿಸಿ ತಿನ್ನುವ ಮರಿ ಬೀದಿಯಲ್ಲಿ ಮುಖ ತಿರುಗಿಸಿದರೆ, ಹೆಚ್ಚಾಗಿ ಅದು ಹೆದರಿದೆ. ಬಾಲ ಒಳಸೇರಿದೆಯೇ, ತುಟಿ ನೆಕ್ಕುತ್ತಿದೆಯೇ, ಕಿವಿ ಹಿಂದೆ ಹೋಗಿದೆಯೇ ನೋಡಿ. ಗದ್ದಲದಿಂದ ದೂರ ಸರಿಯಿರಿ. ಎಲ್ಲಿ ತಿನ್ನಲು ಶುರು ಮಾಡುತ್ತದೋ ಅಲ್ಲಿಂದ ಪಾಠ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಬಹಳ ವರ್ಷ ಮರಿಗಳನ್ನು ಗಮನಿಸಿ 1965ರಲ್ಲಿ ಹೇಳಿದಂತೆ, ಸುಮಾರು 3ರಿಂದ 12 ವಾರದ ನಡುವೆ ಕಂಡ ಜನ, ಪ್ರಾಣಿ, ಸದ್ದುಗಳು ಮರಿಯ ಇಡೀ ಬಾಳಿಗೆ ಪರಿಚಿತವಾಗುತ್ತವೆ. ಆ ವಯಸ್ಸಿನಲ್ಲಿ ಸಿಟ್ ಕಲಿಸುವುದಕ್ಕಿಂತ ಪ್ರೆಶರ್ ಕುಕ್ಕರಿನ ಸೀಟಿಗೆ, ಛತ್ರಿ ಬಿಚ್ಚುವುದಕ್ಕೆ, ಗಡ್ಡದ ಅತಿಥಿಗೆ ಒಂದೊಂದು ತುಣುಕು ಕೊಡುವುದು ಹೆಚ್ಚು ಬೆಲೆಯದು. ಲಸಿಕೆ ಪೂರ್ತಿಯಾಗದ ಮರಿಯನ್ನು ಎತ್ತಿಕೊಂಡೇ ತೋರಿಸಬಹುದು, ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.

ಇನ್ನೊಂದು ಚೀಟಿ: "ತಿಂಡಿ ಏಕೆ, ಶಹಬ್ಬಾಸ್ ಅಂದರೆ ಸಾಲದೇ?" ಎರಿಕಾ ಫ್ಯೂಯರ್‌ಬಾಕರ್ ಮತ್ತು ಕ್ಲೈವ್ ವಿನ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದ್ದಾರೆ. 2012ರ ಅವರ ಪ್ರಯೋಗದಲ್ಲಿ ತಿಂಡಿಗಾಗಿ ನಾಯಿಗಳು ಮಾಡಿದಷ್ಟು ಕೆಲಸವನ್ನು ಮನುಷ್ಯರ ಚುಟುಕು ಒಡನಾಟಕ್ಕಾಗಿ ಮಾಡಲಿಲ್ಲ. ಆಮೇಲಿನ ಇನ್ನೊಂದು ಪ್ರಯೋಗದಲ್ಲಿ ಮೈದಡವುವುದು ನಾಯಿಗಳಿಗೆ ಇಷ್ಟವಾಯಿತು, ಬರೀ ಬಾಯಿಮಾತಿನ ಹೊಗಳಿಕೆ ಏನೂ ಕೊಡದಿದ್ದದ್ದಕ್ಕಿಂತ ಮೇಲೇನೂ ಆಗಲಿಲ್ಲ. ಶಹಬ್ಬಾಸ್ ಅನ್ನಿ, ಬೇಡ ಅನ್ನುವುದಿಲ್ಲ, ಅದರ ಜೊತೆ ತುಣುಕೂ ಬರಲಿ.

ಕೊನೆಯ ಚೀಟಿ ಎಂಟು ತಿಂಗಳ ನಾಯಿಯದು. ಎಲ್ಲ ಕಲಿತಿತ್ತು, ಈಗ ಕೇಳುವುದೇ ಇಲ್ಲ, ಆದರೆ ಪಕ್ಕದ ಮನೆಯವರ ಮಾತು ಕೇಳುತ್ತದೆ ಎಂದು ಬರೆದಿದ್ದಾರೆ. ನಗಬೇಡಿ, ಇದು ದಾಖಲಾದ ವಿಷಯ. 2020ರಲ್ಲಿ ಬ್ರಿಟನ್ನಿನ ಲೂಸಿ ಆಶರ್ ಮತ್ತು ಸಂಗಡಿಗರು, ಕಣ್ಣು ಕಾಣದವರ ಮಾರ್ಗದರ್ಶಿ ನಾಯಿಗಳಾಗಲು ಬೆಳೆಯುತ್ತಿದ್ದ ಮರಿಗಳಲ್ಲಿ ಇದನ್ನೇ ಕಂಡರು. ಐದು ತಿಂಗಳಿಗೆ ಹೋಲಿಸಿದರೆ ಎಂಟು ತಿಂಗಳಿನಲ್ಲಿ ಅವು ಸಾಕಿದವರ "ಸಿಟ್" ಅನ್ನು ಹೆಚ್ಚಾಗಿ ಕಡೆಗಣಿಸುತ್ತಿದ್ದವು, ಅಪರಿಚಿತರು ಹೇಳಿದರೆ ಹಾಗಿರಲಿಲ್ಲ. ಹರೆಯ, ಮತ್ತೇನಿಲ್ಲ, ಒಂದು ವರ್ಷದ ಹೊತ್ತಿಗೆ ಅದು ಬಹುಮಟ್ಟಿಗೆ ಇಳಿದಿತ್ತು. ನಾಯಿಗಳನ್ನು ಬೀದಿಗೆ ಬಿಡುವವರು, ಕೈಬಿಡುವವರು ಹೆಚ್ಚಾಗಿ ಈ ವಯಸ್ಸಿನಲ್ಲೇ ಮನಸ್ಸು ಕೆಡಿಸಿಕೊಳ್ಳುತ್ತಾರೆ ಎಂಬುದು ನನಗೆ ಬೇಸರ ತರುವ ವಿಷಯ. ಈ ಕೆಲವು ತಿಂಗಳು ತಿಂಡಿಯ ಡಬ್ಬಿ ಮತ್ತೆ ಹೊರತೆಗೆಯಿರಿ, ಪಾಠವನ್ನು ಒಂದು ಹಂತ ಕೆಳಗಿಳಿಸಿ, ಬಯಲಿನಲ್ಲಿ ಬಿಡುವ ಮುನ್ನ ಎದೆಪಟ್ಟಿಗೆ ಹತ್ತು ಮೀಟರಿನ ಹಗುರ ಹಗ್ಗ ಕಟ್ಟಿ. ಕರೆದಾಗ ಬಾರದಿದ್ದರೆ ಎರಡನೆಯ ಸಲ ಕೂಗದೆ, ಹಗ್ಗ ಹಿಡಿದುಕೊಂಡು ಅದರ ಹತ್ತಿರ ಹೋಗಿ, ಮೂಗಿನ ಮುಂದೆ ತುಣುಕು ತೋರಿಸಿ ಮೊದಲು ನಿಂತಿದ್ದ ಜಾಗಕ್ಕೆ ನಡೆಸಿಕೊಂಡು ಬನ್ನಿ, ತಿಂಡಿಯನ್ನು ಅಲ್ಲಿ ಕೊಡಿ.